ಗಣಕಯಂತ್ರದೊಂದಿಗೇ ಬರುವ ಆಟಗಳು: ಅಳಿಸುವ ಮುನ್ನ ಕೆಲವು ಮಾತು

(ಗ್ರಾಮ ಪಂಚಾಯಿತಿ ಗ್ರಂಥಾಲಯ ಮೇಲ್ವಿಚಾರಕರ ಪುನಶ್ಚೇತನ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ. ಎಲ್ಲ ತಾಲ್ಲೂಕು ಪಂಚಾಯಿತಿ ಹಾಗೂ ಗ್ರಾಮ ಪಂಚಾಯಿತಿಗಳ ಅವಗಾಹನೆಗಾಗಿ ಪ್ರಕಟಿಸಲಾಗಿದೆ.)



ಕಾರ್ಯಕ್ರಮ ಪಟ್ಟಿಯಲ್ಲಿ ಈ ಅವಧಿಗೆ ‘ಗಣಕಯಂತ್ರಗಳ ಸದ್ಬಳಕೆ’ ಎಂಬ ಶೀರ್ಷಿಕೆಯನ್ನು ನೀಡಲಾಗಿದೆ. ಸದ್ಬಳಕೆ ಎಂದೊಡನೆ ದಾಸ್ತಾನು ವಹಿ, ಸದಸ್ಯತ್ವ ನೋಂದಣಿ, ಡಿಜಿಟಲ್ ಪುಸ್ತಕಗಳು ನಮ್ಮ ಕಣ್ಣಮುಂದೆ ಬರುತ್ತವೆ. ಅವುಗಳ ಬಗ್ಗೆ ಬೆಳಗಿನ ಅವಧಿಯಲ್ಲಿ ವಿವರವಾದ ಚರ್ಚೆ ನಡೆದಿದೆ. ಆದುದರಿಂದ ನಾನು, ದುರ್ಬಳಕೆಯ ಪಟ್ಟಿಯಲ್ಲಿ ಸಾಮಾನ್ಯವಾಗಿ ಮೊದಲನೆಯ ಸಾಲಿನಲ್ಲಿಯೇ ನಿಲ್ಲುವ ವಿಷಯವೊಂದನ್ನು ಎತ್ತಿಕೊಳ್ಳುತ್ತೇನೆ. ಅದೆಂದರೆ ಗಣಕಯಂತ್ರದೊಂದಿಗೇ ಬರುವ ಪುಟ್ಟ ಆಟಗಳು. ಸಾಲಿಟೇರ್, ಮೈನ್‌ಸ್ವೀಪರ್, ಫ್ರೀಸೆಲ್, ಹಾರ್ಟ್ಸ್ ಇತ್ಯಾದಿ.

ಈ ವಿಷಯವನ್ನು ಆರಿಸಿಕೊಳ್ಳಲು ಕಾರಣವಿದೆ. ಗ್ರಂಥಾಲಯಗಳಿಗೆ ಭೇಟಿ ನೀಡಿದಾಗಲೆಲ್ಲ ಮೇಲ್ವಿಚಾರಕರು ಗಣಕಯಂತ್ರವನ್ನು ತೋರಿಸಿ, “ಒಂದೂ ಆಟ ಇಲ್ಲ ಸಾರ್, ಎಲ್ಲ ತೆಗೆಸಿಬಿಟ್ಟಿದ್ದೇನೆ” ಎಂದು ಸಮಾಧಾನದಿಂದ ಹೇಳುತ್ತಾರೆ. ಅವರನ್ನು ದೂಷಿಸಲಾಗದು. ತನಿಖೆಗೆ ಬಂದ ಅಧಿಕಾರಿಗಳ ಕಣ್ಣಿಗೆ ಪರದೆಯ ಮೇಲೆ ಇಸ್ಪೀಟಿನ ಎಲೆಗಳು ಬಿದ್ದರೆ ವಿವರಣೆ ನೀಡಬೇಕಾದವರು ಅವರೇ. ಆದರೂ, ಹೀಗೆ ತೆಗೆಸುವಾಗ ನಾವು ತೆಗೆಯುತ್ತಿರುವುದು ಏನನ್ನು ಎಂಬುದನ್ನು ಒಮ್ಮೆ ಯೋಚಿಸಬೇಕೆಂಬುದು ನನ್ನ ವಿನಂತಿ.

ಮೊದಲು ಒಂದು ಅಂಕಿಅಂಶ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನ ಪ್ರಕಾರ, 2017–18ರಲ್ಲಿ ಭಾರತದ ನಗರ ಪ್ರದೇಶದ ಕುಟುಂಬಗಳಲ್ಲಿ ಶೇ. 23.4ರಷ್ಟು ಗಣಕಯಂತ್ರವನ್ನು ಹೊಂದಿದ್ದರೆ, ಗ್ರಾಮೀಣ ಕುಟುಂಬಗಳಲ್ಲಿ ಆ ಪ್ರಮಾಣ ಶೇ. 4.4 ಮಾತ್ರ. ಅಂದರೆ ನೂರು ಮನೆಗಳ ಹಳ್ಳಿಯೊಂದರಲ್ಲಿ ನಾಲ್ಕೈದು ಮನೆ. ಗಣಕಯಂತ್ರವಿರುವ ಮನೆಯ ಮಗು ಅದನ್ನು ಕಲಿತದ್ದು ಹೇಗೆ ಎಂದು ಕೇಳಿ ನೋಡಿ. ಯಾರೂ ಅದನ್ನು ಕೂರಿಸಿ ಪಾಠ ಹೇಳಿರುವುದಿಲ್ಲ. ತಂದೆ ಕಚೇರಿಗೆ ಹೋದ ಮೇಲೆ, ತಾಯಿ ಅಡುಗೆ ಮನೆಯಲ್ಲಿರುವಾಗ, ಬೇಸಿಗೆ ರಜೆಯ ಮಧ್ಯಾಹ್ನಗಳಲ್ಲಿ ಆ ಮಗು ಸಾಲಿಟೇರ್ ಆಡಿದೆ, ಮೈನ್‌ಸ್ವೀಪರ್‌ನ ಬಾಂಬುಗಳನ್ನು ಸಿಡಿಸಿದೆ. ಯಾವ ಉದ್ದೇಶವೂ ಇಲ್ಲದೆ ಕಳೆದ ಆ ಗಂಟೆಗಳಲ್ಲಿ ಅದರ ಕೈ ಪಳಗಿದೆ. ಉಳಿದ ತೊಂಬತ್ತೈದು ಮನೆಗಳ ಮಕ್ಕಳಿಗೆ ಮನೆಯ ಗಣಕಯಂತ್ರವೆಂದರೆ ನಮ್ಮ ಗ್ರಂಥಾಲಯದ, ಈಗಿನ ಅರಿವು ಕೇಂದ್ರದ, ಗಣಕಯಂತ್ರವೇ. ಅಲ್ಲಿ ನಾವು ಪಾಠವನ್ನು ಮಾತ್ರ ಇಟ್ಟು ಆಟವನ್ನು ತೆಗೆದರೆ, ಆ ನಾಲ್ಕೈದು ಮನೆಗಳಿಗೆ ಸಿಕ್ಕಿದ್ದು ಉಳಿದವರಿಗೆ ಸಿಗುವುದು ಎಲ್ಲಿಂದ?

ಈ ಆಟಗಳ ಹಿನ್ನೆಲೆಯನ್ನು ಸ್ವಲ್ಪ ನೋಡೋಣ. ಮೈಕ್ರೋಸಾಫ್ಟ್ ಸಂಸ್ಥೆಯಲ್ಲಿ ತರಬೇತಿಗೆಂದು ಬಂದಿದ್ದ ವೆಸ್ ಚೆರ್ರಿ ಎಂಬ ವಿದ್ಯಾರ್ಥಿ 1988ರ ಸುಮಾರಿಗೆ ತನ್ನ ಬಿಡುವಿನ ವೇಳೆಯಲ್ಲಿ ಸಾಲಿಟೇರ್ ಅನ್ನು ಬರೆದರು. ಎಲೆಗಳ ಚಿತ್ರವನ್ನು ರಚಿಸಿದವರು, ಅದಕ್ಕೂ ಮೊದಲು ಆಪಲ್ ಸಂಸ್ಥೆಯ ಮೆಕಿಂತೋಷ್ ಯಂತ್ರದ ಚಿಹ್ನೆಗಳನ್ನು ಬಿಡಿಸಿದ್ದ ಸೂಸನ್ ಕೇರ್. 1990ರ ಮೇ ತಿಂಗಳಿನಲ್ಲಿ ವಿಂಡೋಸ್ 3.0 ಬಿಡುಗಡೆಯಾದಾಗ ಆ ಆಟ ಅದರೊಂದಿಗೇ ಲೋಕಕ್ಕೆ ಬಂತು. ಕೋಟ್ಯಂತರ ಯಂತ್ರಗಳಲ್ಲಿ ಸ್ಥಾಪನೆಗೊಂಡ ಈ ಆಟಕ್ಕಾಗಿ ಚೆರ್ರಿಯವರಿಗೆ ಗೌರವಧನವೇನೂ ದೊರೆಯಲಿಲ್ಲ. ಇನ್ನೊಂದು ಸಂಗತಿ ಈ ಸಭೆಗೆ ರುಚಿಸಬಹುದು: ಮೇಲಧಿಕಾರಿ ಹತ್ತಿರ ಬಂದೊಡನೆ ಒಂದು ಕೀಲಿ ಒತ್ತಿದರೆ ಆಟ ಮರೆಯಾಗಿ ಕೆಲಸದ ಪರದೆಯಂತಹ ಚಿತ್ರ ಕಾಣಿಸಿಕೊಳ್ಳುವ ಏರ್ಪಾಡನ್ನೂ ಅವರು ಮಾಡಿದ್ದರು. ಸಂಸ್ಥೆ ಅದನ್ನು ತೆಗೆಸಿತು. ತನಿಖೆಯ ಭಯ ನಮ್ಮ ಜಿಲ್ಲೆಗೆ ಮಾತ್ರ ಸೀಮಿತವಲ್ಲ.

1990ರಲ್ಲಿ ಮೌಸ್ ಎಂಬುದು ಬಹುಪಾಲು ಜನರಿಗೆ ಹೊಸ ವಸ್ತು. ಅದುವರೆಗೆ ಕೀಲಿಮಣೆಯಲ್ಲಿ ಆದೇಶಗಳನ್ನು ಟೈಪ್ ಮಾಡುತ್ತಿದ್ದವರು ಈಗ ಕೈಯನ್ನು ಮೇಜಿನ ಮೇಲೆ ಸರಿಸಿ, ಕಣ್ಣನ್ನು ಪರದೆಯ ಮೇಲಿಟ್ಟು ಕೆಲಸ ಮಾಡಬೇಕಾಯಿತು. ಸಾಲಿಟೇರ್ ಆ ಅಭ್ಯಾಸವನ್ನು ನೋವಿಲ್ಲದೆ ಕಲಿಸಿತು ಎಂದು ಹೇಳುವುದುಂಟು. ಆಟವನ್ನು ಗಮನಿಸಿದವರಿಗೆ ಇದು ಸುಲಭವಾಗಿ ಮನವರಿಕೆಯಾಗುತ್ತದೆ. ಗಡ್ಡಿಯ ಮೇಲೆ ಒಮ್ಮೆ ಒತ್ತಿದರೆ ಎಲೆ ತಿರುಗುತ್ತದೆ, ಇದು ಕ್ಲಿಕ್. ಕೆಂಪು ಒಂಬತ್ತನ್ನು ಕಪ್ಪು ಹತ್ತರ ಮೇಲಿಡಬೇಕಾದರೆ ಗುಂಡಿಯನ್ನು ಒತ್ತಿ ಹಿಡಿದು, ಬಿಡದೆ ಎಳೆದು, ಸರಿಯಾದ ಸ್ಥಳದಲ್ಲಿ ಬಿಡಬೇಕು. ನಾಳೆ ಕಡತವೊಂದನ್ನು ಒಂದು ಕೋಶದಿಂದ ಮತ್ತೊಂದಕ್ಕೆ ಸಾಗಿಸುವಾಗ ಕೈ ಮಾಡುವುದು ಇದೇ ಚಲನೆಯನ್ನು. ಎಕ್ಕದ ಮೇಲೆ ಎರಡು ಬಾರಿ ಬೇಗಬೇಗನೆ ಒತ್ತಿದರೆ ಅದು ತಾನಾಗಿಯೇ ಮೇಲಿನ ಮನೆಗೆ ಹೋಗುತ್ತದೆ. ಡಬಲ್ ಕ್ಲಿಕ್‌ನ ಲಯವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪಾಠವನ್ನು ನಾನು ಕಂಡಿಲ್ಲ. ತಪ್ಪು ಜಾಗದಲ್ಲಿ ಬಿಟ್ಟರೆ ಎಲೆ ಹಿಂದಿರುಗುತ್ತದೆ, ಅಷ್ಟೆ. ಬೈಯುವವರಿಲ್ಲ, ಕಳೆದುಕೊಳ್ಳುವುದೇನೂ ಇಲ್ಲ.

ಈ ಕೊನೆಯ ಅಂಶವನ್ನು ಒತ್ತಿ ಹೇಳಬೇಕಾಗಿದೆ. ಸ್ವಸಹಾಯ ಸಂಘಗಳ ಪುಸ್ತಕ ಬರಹಗಾರ್ತಿಯರಿಗೆ ಗಣಕಯಂತ್ರ ಪರಿಚಯಿಸುವ ತರಗತಿಯೊಂದನ್ನು ನಾನು ನಡೆಸಿದ್ದೆ. ಲೆಕ್ಕದಲ್ಲಿ ಬಹಳ ಚುರುಕಾಗಿದ್ದ, ಐವತ್ತು ದಾಟಿದ ಒಬ್ಬ ತಾಯಿ ಎರಡು ದಿನ ಯಂತ್ರದ ಮುಂದೆ ಕೈಕಟ್ಟಿ ಕುಳಿತಿದ್ದರು. ಕೇಳಿದಾಗ, “ನಾ ಮುಟ್ಟಿ ಏನಾದ್ರೂ ಆಗೋದ್ರೆ ಯಾರು ಸಾರ್ ದುಡ್ಡು ಕಟ್ಟೋರು?” ಎಂದರು. ಮೂರನೆಯ ದಿನ ಸಾಲಿಟೇರ್ ತೆರೆದುಕೊಟ್ಟೆ. “ಇದು ಕೆಟ್ಟರೆ ಇನ್ನೊಂದು ಆಟ ಹಾಕಿಕೊಳ್ಳಬಹುದು ಅಮ್ಮ, ದುಡ್ಡು ಕಟ್ಟುವುದೇನೂ ಇಲ್ಲ” ಎಂದೆ. ಮೊದಲ ಅರ್ಧ ಗಂಟೆ ಮೌಸ್ ಮೇಜಿನ ಅಂಚಿನವರೆಗೆ ಓಡಿಹೋಗುತ್ತಿತ್ತು. ಅದನ್ನು ಎತ್ತಿ ಮತ್ತೆ ನಡುವೆ ಇಡಬಹುದೆಂಬುದೇ ಅವರಿಗೆ ದೊಡ್ಡ ತಿಳಿವಳಿಕೆಯಾಯಿತು. ಸಂಜೆಯ ವೇಳೆಗೆ ಒಂದು ಆಟ ಗೆದ್ದರು. ಗೆದ್ದಾಗ ಎಲೆಗಳು ಒಂದೊಂದಾಗಿ ಪುಟಿಯುತ್ತ ಪರದೆಯ ತುಂಬ ಸುರಿಯುತ್ತವೆ, ನೀವು ನೋಡಿರಬಹುದು. ಅಕ್ಕಪಕ್ಕದವರೆಲ್ಲ ಎದ್ದು ಬಂದು ನೋಡಿದರು. ಮರುದಿನ ಆ ತಾಯಿ ಸಂಘದ ಸಾಲ ಮರುಪಾವತಿಯ ತಃಖ್ತೆಯಲ್ಲಿ ತಾವಾಗಿಯೇ ಅಂಕಣಗಳನ್ನು ಆರಿಸಿ ತುಂಬಲು ತೊಡಗಿದರು. ಯಂತ್ರ ಕೆಟ್ಟುಹೋಗುತ್ತದೆಂಬ ಭಯ ನಾನು ಎರಡು ದಿನ ಮಾಡಿದ ಭಾಷಣದಿಂದ ಹೋಗಿರಲಿಲ್ಲ.

ಇಸ್ಪೀಟು ಎಂಬ ಆಕ್ಷೇಪಕ್ಕೆ ಈಗ ಬರುತ್ತೇನೆ. ಹಳ್ಳಿಗಳಲ್ಲಿ ಈ ಪದಕ್ಕೆ ಅಂಟಿಕೊಂಡಿರುವ ಅಪಕೀರ್ತಿ ಸುಳ್ಳಲ್ಲ. ಅಂದರ್ ಬಾಹರ್‌ನಲ್ಲಿ ಜಮೀನು ಕಳೆದುಕೊಂಡವರ ಕಥೆಗಳು ಪ್ರತಿ ಊರಿನಲ್ಲಿಯೂ ಇವೆ. ಆದರೆ ಅಲ್ಲಿ ಕೆಡುಕು ಇರುವುದು ಪಣದಲ್ಲಿ, ಎಲೆಗಳಲ್ಲಿ ಅಲ್ಲ. ಸಾಲಿಟೇರ್‌ನಲ್ಲಿ ಎದುರಾಳಿಯೇ ಇಲ್ಲ, ಪಣವೆಲ್ಲಿಂದ ಬರಬೇಕು? ಮೊಬೈಲ್‌ನಲ್ಲಿ ಹಣ ಕಟ್ಟಿ ಆಡುವ ರಮ್ಮಿಯಂತಹ ಆಟಗಳು ಬೇರೆಯೇ ವರ್ಗಕ್ಕೆ ಸೇರಿದವು. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಸರಿಯಲ್ಲ. ನಮ್ಮ ನಾಡಿನಲ್ಲಿ ಎಲೆಯಾಟ ವಿದ್ವತ್ತಿನ ವಿಷಯವೂ ಆಗಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ ಗಂಜೀಫಾ ಎಲೆಗಳ ಆಟಗಳ ವಿವರಗಳಿವೆ. ಚದುರಂಗದ ಕುದುರೆಯನ್ನು ಅರವತ್ತನಾಲ್ಕು ಮನೆಗಳಲ್ಲಿಯೂ ಒಮ್ಮೊಮ್ಮೆ ಮಾತ್ರ ನಿಲ್ಲುವಂತೆ ನಡೆಸುವ ಸಮಸ್ಯೆಗೆ ಪರಿಹಾರಗಳನ್ನು ರಚಿಸಿದವರೂ ಅವರೇ. ಒಬ್ಬರೇ ಕುಳಿತು ಆಡುವ ಆಟ ಸೋಮಾರಿಗಳ ಕೆಲಸವೆಂಬುದನ್ನು ಅವರು ಒಪ್ಪುತ್ತಿರಲಿಲ್ಲವೆಂದು ನನ್ನ ಭಾವನೆ.

ಮೈನ್‌ಸ್ವೀಪರ್ ಬಗ್ಗೆ ಸ್ವಲ್ಪ ಹೆಚ್ಚು ಸಮಯ ತೆಗೆದುಕೊಳ್ಳಲು ಅನುಮತಿ ಕೋರುತ್ತೇನೆ. ಈ ನಾಲ್ಕರಲ್ಲಿ ನನಗೆ ಅತ್ಯಂತ ಪ್ರಿಯವಾದುದು ಅದು. 1992ರಲ್ಲಿ ವಿಂಡೋಸ್ 3.1ರೊಂದಿಗೆ ಅದು ಮನೆಮನೆಯ ಯಂತ್ರಗಳನ್ನು ತಲಪಿತು. ಅನೇಕರು ಇದನ್ನು ಅದೃಷ್ಟದ ಆಟವೆಂದು ತಿಳಿದು ಸಿಕ್ಕಸಿಕ್ಕಲ್ಲಿ ಒತ್ತಿ, ಎರಡು ನಿಮಿಷದಲ್ಲಿ ಬೇಸತ್ತು ಮುಚ್ಚುತ್ತಾರೆ. ಮಕ್ಕಳಿಗೆ ಒಂದೇ ಒಂದು ಸೂತ್ರ ಹೇಳಿಕೊಟ್ಟರೆ ಸಾಕು: ತೆರೆದ ಚೌಕದೊಳಗಿನ ಅಂಕಿ, ಅದರ ಸುತ್ತಲಿನ ಎಂಟು ಚೌಕಗಳಲ್ಲಿ ಎಷ್ಟು ಬಾಂಬುಗಳು ಅಡಗಿವೆ ಎಂಬುದನ್ನು ತಿಳಿಸುತ್ತದೆ. ‘1’ ಎಂದು ಬರೆದಿದೆ, ಸುತ್ತಲೂ ತೆರೆಯದ ಚೌಕ ಒಂದೇ ಉಳಿದಿದೆ ಎಂದರೆ ಬಾಂಬು ಅಲ್ಲಿಯೇ ಇರಬೇಕು. ಬಲ ಗುಂಡಿ ಒತ್ತಿ ಬಾವುಟ ನೆಡಿ. ಆ ಬಾಂಬನ್ನೇ ಸ್ಪರ್ಶಿಸುವ ಪಕ್ಕದ ಇನ್ನೊಂದು ‘1’ ಇದ್ದರೆ, ಅದರ ಪಾಲು ಮುಗಿಯಿತು. ಅದರ ಸುತ್ತಲಿನ ಉಳಿದ ಚೌಕಗಳೆಲ್ಲ ನಿರಪಾಯ, ಎಡ ಗುಂಡಿ ಒತ್ತಿ ತೆರೆಯಬಹುದು. ಗೊತ್ತಿರುವುದರಿಂದ ಗೊತ್ತಿಲ್ಲದುದಕ್ಕೆ ಒಂದೊಂದೇ ಹೆಜ್ಜೆ ಇಡುವ ಈ ಕ್ರಮವನ್ನು ಎಂಟನೆಯ ತರಗತಿಯ ರೇಖಾಗಣಿತದಲ್ಲಿ ಸಾಧನೆ ಎಂದು ಕರೆಯುತ್ತೇವೆ. ಪ್ರಾರಂಭಿಕ ಹಂತದಲ್ಲಿ 9×9 ಚೌಕಗಳಲ್ಲಿ 10 ಬಾಂಬು, ಮಧ್ಯಮದಲ್ಲಿ 16×16ರಲ್ಲಿ 40, ಪರಿಣತರಿಗೆ 16×30ರಲ್ಲಿ 99. ಮೂರನೆಯ ಹಂತದಲ್ಲಿ ಎಷ್ಟೇ ತರ್ಕ ಮಾಡಿದರೂ ಕೆಲವೊಮ್ಮೆ ಊಹೆಯೊಂದೇ ದಾರಿಯಾಗುತ್ತದೆ. ಯಾವ ಊಹೆಯಲ್ಲಿ ಅಪಾಯ ಕಡಿಮೆ ಎಂದು ಲೆಕ್ಕ ಹಾಕುವ ಮಗುವಿಗೆ ಸಂಭಾವ್ಯತೆಯ ಅಧ್ಯಾಯ ಮುಂದೆ ಕಷ್ಟವೆನಿಸದು.

ಈ ಆಟದ ಆಳ ಎಷ್ಟೆಂದರೆ, ಇಂಗ್ಲೆಂಡಿನ ಗಣಿತಜ್ಞ ರಿಚರ್ಡ್ ಕೇ 2000ದಲ್ಲಿ ಇದರ ಬಗ್ಗೆ ಪ್ರಬಂಧವೊಂದನ್ನೇ ಪ್ರಕಟಿಸಿದರು. ಎಷ್ಟು ದೊಡ್ಡದಾದರೂ ಆಗಬಹುದಾದ ಮೈನ್‌ಸ್ವೀಪರ್ ಫಲಕವೊಂದರಲ್ಲಿ ತೋರಿಸಿದ ಅಂಕಿಗಳು ಒಂದಕ್ಕೊಂದು ಹೊಂದುತ್ತವೆಯೇ ಇಲ್ಲವೇ ಎಂದು ನಿರ್ಧರಿಸುವುದು, ಗಣಕ ವಿಜ್ಞಾನದ ಅತ್ಯಂತ ಕಠಿಣ ಸಮಸ್ಯೆಗಳ ಒಂದು ಗುಂಪಿಗೆ ಸೇರಿದ್ದೆಂದು ಅವರು ಸಾಧಿಸಿದರು. ಅದನ್ನು ಸದಾ ಶೀಘ್ರವಾಗಿ ಬಿಡಿಸುವ ವಿಧಾನ ಕಂಡುಹಿಡಿದವರು ಕ್ಲೇ ಗಣಿತ ಸಂಸ್ಥೆ ಹತ್ತು ಲಕ್ಷ ಡಾಲರ್ ಬಹುಮಾನ ಘೋಷಿಸಿರುವ ಸಮಸ್ಯೆಯೊಂದನ್ನು ಬಿಡಿಸಿದಂತೆ. ನಮ್ಮ ಪ್ರೌಢಶಾಲೆಯ ಮಕ್ಕಳಿಗೆ ಇದನ್ನು ಹೇಳಿ ನೋಡಿ. ಬಾಂಬು ಎಂಬ ಪದ ಕೆಲವು ಪೋಷಕರಿಗೆ ಹಿಡಿಸದಿರಬಹುದು. ನೆಲಬಾಂಬುಗಳಿಂದ ಜನ ಸಾಯುತ್ತಿರುವ ದೇಶಗಳನ್ನು ನೆನೆದು ವಿದೇಶಗಳಲ್ಲಿಯೂ ಈ ಆಕ್ಷೇಪ ಬಂದಿತ್ತು. ಆ ಬಳಿಕ ಬಂದ ವಿಂಡೋಸ್ ವಿಸ್ಟಾದಲ್ಲಿ ಬಾಂಬಿನ ಬದಲು ಹೂವುಗಳನ್ನು ಆರಿಸಿಕೊಳ್ಳಲು ಅವಕಾಶವಿದೆ.

ಹಾರ್ಟ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಕಚೇರಿಯ ಯಂತ್ರಗಳನ್ನು ತಂತಿಯಿಂದ ಜೋಡಿಸಿದರೆ ಏನಾಗುತ್ತದೆ ಎಂಬುದನ್ನು ಆಡಿ ತೋರಿಸಲು ಅದು ನೆರವಾಯಿತು.

ಫ್ರೀಸೆಲ್‌ನ ವಿಷಯ ಹಾಗಲ್ಲ, ಅದರಿಂದ ನಮಗೆ ನೇರವಾದ ಪ್ರಯೋಜನವಿದೆ. ಸಾಲಿಟೇರ್‌ನಲ್ಲಿ ಎಷ್ಟು ಜಾಣತನದಿಂದ ಆಡಿದರೂ ಕೆಲವು ಹಂಚಿಕೆಗಳನ್ನು ಗೆಲ್ಲಲಾಗದು. ಫ್ರೀಸೆಲ್‌ನಲ್ಲಿ ಐವತ್ತೆರಡು ಎಲೆಗಳೂ ಮೊದಲಿನಿಂದಲೇ ಮುಖ ಮೇಲಾಗಿ ಕಾಣುತ್ತವೆ; ಎಲೆಗಳನ್ನು ತಾತ್ಕಾಲಿಕವಾಗಿ ಇರಿಸಲು ನಾಲ್ಕು ಖಾಲಿ ಮನೆಗಳಿವೆ; ಮುಂದಿನದೆಲ್ಲ ಯೋಜನೆಯ ಮಾತು. ಪಾಲ್ ಆಲ್ಫಿಲ್ ಎಂಬುವರು 1978ರಲ್ಲಿ ಪ್ಲೇಟೋ ಎಂಬ ಶಿಕ್ಷಣ ಗಣಕ ವ್ಯವಸ್ಥೆಯಲ್ಲಿ ಮೊದಲು ರಚಿಸಿದ ಈ ಆಟವನ್ನು ವಿಂಡೋಸ್‌ಗೆ ತಂದವರು ಜಿಮ್ ಹಾರ್ನ್. ಅವರು 32,000 ಹಂಚಿಕೆಗಳಿಗೆ ಕ್ರಮಸಂಖ್ಯೆ ನೀಡಿದರು. 1994–95ರಲ್ಲಿ ಡೇವ್ ರಿಂಗ್ ಎಂಬುವರು ಅಂತರಜಾಲದ ಮೂಲಕ ನೂರಕ್ಕೂ ಹೆಚ್ಚು ಸ್ವಯಂಸೇವಕರನ್ನು ಒಟ್ಟುಗೂಡಿಸಿ ಅಷ್ಟನ್ನೂ ಹಂಚಿಕೊಂಡು ಆಡಿಸಿದಾಗ, ಒಂದನ್ನುಳಿದು ಮಿಕ್ಕ ಎಲ್ಲವನ್ನೂ ಗೆಲ್ಲಲಾಯಿತು. ಗೆಲ್ಲಲಾಗದೆ ಉಳಿದದ್ದು 11982. ಅದಕ್ಕೆ ಪರಿಹಾರವೇ ಇಲ್ಲವೆಂಬುದನ್ನು ಅನಂತರ ಗಣಕ ಕ್ರಮವಿಧಿಗಳೂ ಖಚಿತಪಡಿಸಿದವು. ಕ್ರಮಸಂಖ್ಯೆ ಇರುವುದರಿಂದ ಒಂದೇ ಹಂಚಿಕೆಯನ್ನು ಎಲ್ಲ ಗ್ರಂಥಾಲಯಗಳ ಮಕ್ಕಳೂ ಆಡಬಹುದು. ಸೋಮವಾರ ಸೂಚನಾ ಫಲಕದಲ್ಲಿ ಒಂದು ಸಂಖ್ಯೆ ಬರೆಯಿರಿ. ಶನಿವಾರದೊಳಗೆ ಬಿಡಿಸಿದವರ ಹೆಸರನ್ನು ಅದರ ಕೆಳಗೆ ಬರೆಯಿರಿ. ಖರ್ಚು ಒಂದು ಸೀಮೆಸುಣ್ಣ.

ನಮ್ಮ ಗ್ರಂಥಾಲಯಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬರುವ ಯುವಕ ಯುವತಿಯರನ್ನು ನೀವು ದಿನವೂ ಕಾಣುತ್ತೀರಿ. ಬ್ಯಾಂಕ್ ಹುದ್ದೆಗಳಿಗೆ, ಕೇಂದ್ರ ಸಿಬ್ಬಂದಿ ನೇಮಕಾತಿ ಆಯೋಗದ ಹುದ್ದೆಗಳಿಗೆ ಈಗ ಪರೀಕ್ಷೆ ನಡೆಯುವುದು ಗಣಕಯಂತ್ರದ ಮೇಲೆ. ಉತ್ತರ ಗೊತ್ತಿದ್ದೂ ಬಾಣದ ಗುರುತನ್ನು ಸರಿಯಾದ ವೃತ್ತದೊಳಗೆ ತರಲು ತಡವಾದರೆ, ಗಡಿಯಾರ ಕಾಯುವುದಿಲ್ಲ. ಎರಡು ವರ್ಷ ಪುಸ್ತಕ ಓದಿದ ಅಭ್ಯರ್ಥಿ ಪರೀಕ್ಷಾ ಕೇಂದ್ರದಲ್ಲಿಯೇ ಮೊದಲ ಬಾರಿ ಮೌಸ್ ಹಿಡಿಯುವಂತಾಗುವುದು ಅನ್ಯಾಯ. ಓದಿನ ನಡುವೆ ದಿನಕ್ಕೆ ಹದಿನೈದು ನಿಮಿಷ ಮೈನ್‌ಸ್ವೀಪರ್ ಆಡಲು ಅವರಿಗೆ ನೀವಾಗಿಯೇ ಹೇಳಬೇಕು.

ಇಷ್ಟಾದರೂ ಒಂದು ಎಚ್ಚರಿಕೆ ಅತ್ಯಗತ್ಯ. ನಾನು ಹೊಗಳುತ್ತಿರುವುದು ಹಳೆಯ, ಅಂತರಜಾಲ ಬೇಡದ ಆಟಗಳನ್ನು. 2012ರಲ್ಲಿ ಬಂದ ವಿಂಡೋಸ್ 8ರಿಂದ ಈ ಆಟಗಳನ್ನು ತೆಗೆಯಲಾಯಿತು. 2015ರ ವಿಂಡೋಸ್ 10ರಲ್ಲಿ ಸಾಲಿಟೇರ್ ಮರಳಿ ಬಂದಿತಾದರೂ, ಅದರೊಂದಿಗೆ ಜಾಹೀರಾತುಗಳೂ ಬಂದವು. ಅವು ಬೇಡವಾದರೆ ಚಂದಾ ಕಟ್ಟಬೇಕು. ಮಗು ಎಲೆಯನ್ನು ಎಳೆಯಲು ಹೋಗಿ ಜಾಹೀರಾತನ್ನು ಒತ್ತಿ, ಅಲ್ಲಿಂದ ಎಲ್ಲಿಗೋ ತಲಪಬಹುದು. ಹೊಸ ಮೊಬೈಲ್ ಆಟಗಳ ವಿಷಯ ಇನ್ನೂ ಕೆಟ್ಟದು. ಹಳೆಯ ಸಾಲಿಟೇರ್ ಹತ್ತು ನಿಮಿಷದಲ್ಲಿ ಗೆಲುವೋ ಸೋಲೋ ಮುಗಿಯುತ್ತದೆ, ಮಗು ಎದ್ದು ಹೋಗಬಹುದು. ಮೊಬೈಲ್‌ನ ಎಷ್ಟೋ ಆಟಗಳನ್ನು ಮುಗಿಯದಂತೆಯೇ ರೂಪಿಸಲಾಗಿದೆ. ಪೋಷಕರ ಆತಂಕ ಸರಿಯಾದುದೇ. ಅದು ತಪ್ಪು ಆಟದ ಮೇಲೆ ಬೀಳಬಾರದು.

ಇದಕ್ಕೆ ಪರಿಹಾರ ಕಷ್ಟವೇನಲ್ಲ. ಹಳೆಯ ವಿಂಡೋಸ್ 7ರ ಯಂತ್ರಗಳು ನಿಮ್ಮಲ್ಲಿದ್ದರೆ ಆಟಗಳು ಅವುಗಳಲ್ಲಿಯೇ ಇವೆ. ಅಂತಹ ಯಂತ್ರಗಳಿಗೆ ಈಗ ಭದ್ರತಾ ಪರಿಷ್ಕರಣೆ ಬರುವುದಿಲ್ಲವಾದ್ದರಿಂದ ಅವುಗಳನ್ನು ಅಂತರಜಾಲಕ್ಕೆ ಜೋಡಿಸದೆ ಕಲಿಕೆಗೆಂದೇ ಮೀಸಲಿಡಬಹುದು. ಉಬುಂಟುವಿನಂತಹ ಲಿನಕ್ಸ್ ವ್ಯವಸ್ಥೆ ಬಳಸುವವರಿಗೆ ಐಸಲ್‌ರಯಟ್, ಕೆಪೇಷೆನ್ಸ್, ಗ್ನೋಮ್ ಮೈನ್ಸ್ ಉಚಿತವಾಗಿ ಲಭ್ಯ. ಜಾಹೀರಾತಿಲ್ಲ, ಖಾತೆ ತೆರೆಯಬೇಕಿಲ್ಲ. ಕೆಪೇಷೆನ್ಸ್‌ನಲ್ಲಿ ಹಂಚಿಕೆಯ ಸಂಖ್ಯೆಯನ್ನೂ ಆರಿಸಬಹುದು. ಚಿಕ್ಕ ಮಕ್ಕಳಿಗೆ ಜಿಕಾಂಪ್ರಿ ಎಂಬ ಸಂಗ್ರಹವಿದೆ. ಮೌಸ್ ಸರಿಸಿದಂತೆ ಪರದೆಯ ಮೇಲಿನ ಪಟ್ಟಿಗಳು ಅಳಿಸಿಹೋಗಿ ಕೆಳಗಿನ ಚಿತ್ರ ಕಾಣುವಂತಹ ಚಟುವಟಿಕೆಗಳು ಅದರಲ್ಲಿವೆ. ಇವುಗಳ ಮೂಲ ಸಂಕೇತ ಮುಕ್ತವಾಗಿರುವುದರಿಂದ, ಆಟದ ಸೂಚನೆಗಳನ್ನು ಕನ್ನಡಕ್ಕೆ ತರಲು ಯಾರ ಅಪ್ಪಣೆಯೂ ಬೇಕಿಲ್ಲ. ನಿಮ್ಮಲ್ಲಿ ಭಾಷಾಪ್ರೇಮಿಗಳಿದ್ದರೆ ಇದೊಂದು ಕೆಲಸ.

ಕಚೇರಿಯ ಮಾತು ಬೇರೆ. 2006ರಲ್ಲಿ ನ್ಯೂಯಾರ್ಕ್ ನಗರದ ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ನೌಕರರೊಬ್ಬರ ಪರದೆಯ ಮೇಲೆ ಸಾಲಿಟೇರ್ ಕಂಡು ಅವರನ್ನು ಕೆಲಸದಿಂದಲೇ ತೆಗೆದರು. ಶಿಕ್ಷೆ ಅತಿಯಾಯಿತೆಂದು ನನಗನ್ನಿಸಿದರೂ, ಪಹಣಿಗಾಗಿ ಸಾಲಿನಲ್ಲಿ ನಿಂತ ರೈತನ ಮುಂದೆ ಆಟವಾಡುವವರ ಪರವಾಗಿ ನಾನು ವಾದಿಸಲಾರೆ. ಗ್ರಂಥಾಲಯದಲ್ಲಿ ಪರಿಸ್ಥಿತಿ ತಿರುಗುಮುರುಗು: ಅಲ್ಲಿ ಯಂತ್ರದ ಮುಂದೆ ಕುಳಿತವರು ನೌಕರರಲ್ಲ, ಕಲಿಯಲು ಬಂದ ಸಾರ್ವಜನಿಕರು. ತನಿಖಾಧಿಕಾರಿಗಳು ಈ ವ್ಯತ್ಯಾಸವನ್ನು ಗಮನಿಸಬೇಕೆಂದು ವೇದಿಕೆಯಲ್ಲಿರುವವರ ಸಮ್ಮುಖದಲ್ಲಿಯೇ ಕೋರುತ್ತೇನೆ.

ನೀವು ಹಿಂದಿರುಗಿದ ಮೇಲೆ ಮಾಡಬಹುದಾದುದು ಇಷ್ಟು. ಹೊಸದಾಗಿ ಬಂದವರಿಗೆ ಮೊದಲ ದಿನ ಟೈಪಿಂಗ್ ಬೇಡ, ಅರ್ಜಿ ನಮೂನೆ ಬೇಡ; ಸಾಲಿಟೇರ್ ತೆರೆದುಕೊಟ್ಟು ಪಕ್ಕಕ್ಕೆ ಸರಿಯಿರಿ. ಅವರ ಕೈಯಿಂದ ಮೌಸ್ ಕಿತ್ತುಕೊಂಡು ನೀವೇ ಆಡಿ ತೋರಿಸಬೇಡಿ; ಇದು ನಮ್ಮೆಲ್ಲರ ಚಟ. ಎಡಗೈ ಬಳಸುವವರಿಗೆ ಗುಂಡಿಗಳನ್ನು ಅದಲುಬದಲು ಮಾಡಿಕೊಡಿ, ಎರಡು ನಿಮಿಷದ ಕೆಲಸ. ಕಾಯುವವರು ಇದ್ದಾಗ ಒಬ್ಬರಿಗೆ ಇಪ್ಪತ್ತು ನಿಮಿಷವೆಂದು ವಹಿಯಲ್ಲಿ ಸಮಯ ಬರೆಸಿ. ಗಂಡುಮಕ್ಕಳು ಯಂತ್ರವನ್ನು ಬಿಟ್ಟುಕೊಡದೆ ಹೆಣ್ಣುಮಕ್ಕಳು ನಿಂತು ನೋಡುವಂತಾಗುವುದನ್ನು ನಾನು ಹಲವೆಡೆ ಕಂಡಿದ್ದೇನೆ, ಆ ವಹಿ ಅದಕ್ಕೂ ಮದ್ದು. ಆಟಗಳನ್ನು ಈಗಾಗಲೇ ತೆಗೆಸಿರುವವರು ತಾಲ್ಲೂಕು ಗಣಕಯಂತ್ರ ನಿರ್ವಾಹಕರ ನೆರವಿನಿಂದ ಮರುಸ್ಥಾಪಿಸಿಕೊಳ್ಳಬಹುದು.

ಪಕ್ಕದ ಕೊಠಡಿಯ ಯಂತ್ರಗಳಲ್ಲಿ ಫ್ರೀಸೆಲ್ ತೆರೆದಿಡಲಾಗಿದೆ. ಎಲ್ಲದರಲ್ಲಿಯೂ ಒಂದೇ ಹಂಚಿಕೆ. ಚಹಾ ವಿರಾಮದ ನಂತರ ಇಬ್ಬಿಬ್ಬರಾಗಿ ಕುಳಿತು ಪ್ರಯತ್ನಿಸಬಹುದು. ಅದು 11982 ಅಲ್ಲವೆಂಬ ಭರವಸೆಯನ್ನು ಮಾತ್ರ ಈಗ ನೀಡಬಲ್ಲೆ. ಪ್ರಶ್ನೆಗಳಿದ್ದಲ್ಲಿ ಅಲ್ಲಿಯೇ ಉತ್ತರಿಸುತ್ತೇನೆ.